ಸ್ಕ್ಯಾನ್‌ಗೆ ಮುಂಚೆ ಅಮ್ಮನಿಗೆ ನೀರು ಕೊಡಬಹುದಾ? ಡೈ, ಕಿಡ್ನಿ ವಿಷಯ ಗೊತ್ತಿರುವ ಸಿಸ್ಟರ್‌ಗಳು ಹೇಳಿ

ಪೆರ್ಲದವ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಮ್ಮನಿಗೆ 72 ವರ್ಷ. ಸಕ್ಕರೆ ಕಾಯಿಲೆ ಶುರುವಾಗಿ 15 ವರ್ಷ ಆಯ್ತು. ಏಪ್ರಿಲ್‌ನಲ್ಲಿ ಹೊಟ್ಟೆನೋವು ಬಂತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡೈ (ಸ್ಕ್ಯಾನ್‌ನಲ್ಲಿ ಒಳಭಾಗ ಚೆನ್ನಾಗಿ ಕಾಣಲು ರಕ್ತನಾಳಕ್ಕೆ ಕೊಡುವ ದ್ರವ) ಹಾಕಿ ಸಿಟಿ ಸ್ಕ್ಯಾನ್ ಮಾಡಬೇಕು ಎಂದರು. "ಖಾಲಿ ಹೊಟ್ಟೆಯಲ್ಲಿ ಬನ್ನಿ" ಎಂದು ಫೋನಿನಲ್ಲಿ ಹೇಳಿದರು, ಅಷ್ಟೇ. ಅಮ್ಮ ಹಿಂದಿನ ರಾತ್ರಿ 9 ಗಂಟೆಗೆ ಗಂಜಿ ಉಂಡವರು ಮತ್ತೆ ಒಂದು ತೊಟ್ಟು ನೀರು ಮುಟ್ಟಲಿಲ್ಲ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟೆವು. ಅಲ್ಲಿ ಹೋದರೆ ಯಂತ್ರಕ್ಕೆ ಏನೋ ತೊಂದರೆ, ಆಮೇಲೆ ಎರಡು ಅಪಘಾತದ ಕೇಸು. ಅಮ್ಮನ ಸರದಿ ಬಂದದ್ದು ಮಧ್ಯಾಹ್ನ ಒಂದೂವರೆಗೆ. ಏಪ್ರಿಲ್ ಸೆಕೆ ಹೇಗಿರುತ್ತೆ ಅಂತ ನಿಮಗೇ ಗೊತ್ತಲ್ಲ. ಬಾಯಿ ಒಣಗಿ ಮಾತೇ ಹೊರಡುತ್ತಿರಲಿಲ್ಲ.

ಸ್ಕ್ಯಾನ್‌ಗೆ ಮುಂಚೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ, ಏರಿದರೆ ಕಿಡ್ನಿಗೆ ತೊಂದರೆ ಅಂತ) 1.2 ಇತ್ತು. ಮೂರನೇ ದಿನ ವಾಂತಿ ಶುರುವಾಯಿತು, ಇಲ್ಲೇ ಲ್ಯಾಬಿನಲ್ಲಿ ನೋಡಿಸಿದರೆ 2.1. ಜೀವ ಬಾಯಿಗೆ ಬಂತು. ಪುಣ್ಯಕ್ಕೆ ಹತ್ತು ದಿನದಲ್ಲಿ 1.3ಕ್ಕೆ ಇಳಿಯಿತು.

ಈಗ ಡಾಕ್ಟರು ಇನ್ನೊಂದು ಸ್ಕ್ಯಾನ್ ಬೇಕು ಎನ್ನುತ್ತಿದ್ದಾರೆ, ಡೈ ಹಾಕಿಯೇ. ಅಮ್ಮ "ಆ ಬಣ್ಣದ ನೀರು ನನಗೆ ಬೇಡವೇ ಬೇಡ" ಎಂದು ಹಟ ಹಿಡಿದು ಕೂತಿದ್ದಾರೆ. ಡಾಕ್ಟರಿಗೆ ಎರಡು ನಿಮಿಷಕ್ಕಿಂತ ಜಾಸ್ತಿ ಸಮಯ ಇರಲ್ಲ. ಆ ಕೆಲಸದಲ್ಲಿ ಇರುವವರು ಯಾರಾದರೂ ಇದ್ದರೆ ಹೇಳಿ. ಈ ಸಲ ಏನು ಮಾಡಬೇಕು?

ಸಿಟಿ ರೂಮಿನವ

ಮೊದಲು ನಿಮ್ಮ ಅಮ್ಮನಿಗೆ ಹೇಳಿ, ಅದಕ್ಕೆ ಬಣ್ಣವೇ ಇಲ್ಲ. ನೋಡಲು ನೀರೇ. ಕೈಗೆ ತಾಗಿದರೆ ಸ್ವಲ್ಪ ಅಂಟು ಅಂಟು. ಅಯೋಡಿನ್ ಇರುವುದರಿಂದ ಎಕ್ಸ್‌ರೇಗೆ ಅಡ್ಡ ನಿಲ್ಲುತ್ತೆ, ಹಾಗಾಗಿ ರಕ್ತನಾಳ ಪರದೆಯಲ್ಲಿ ಬೆಳ್ಳಗೆ ಕಾಣುತ್ತೆ. ಹೊಟ್ಟೆಯ ಸ್ಕ್ಯಾನ್‌ಗೆ 80ರಿಂದ 100 ಎಂಎಲ್ ಹೋಗುತ್ತೆ. ಒಳಗೆ ಹೋಗುವಾಗ ಮೈಯೆಲ್ಲ ಬಿಸಿ ಆದ ಹಾಗೆ, ಬಟ್ಟೆಯಲ್ಲೇ ಮೂತ್ರ ಹೋದ ಹಾಗೆ ಅನಿಸುತ್ತೆ. ನಿಜಕ್ಕೂ ಹೋಗಿರಲ್ಲ. ಇದನ್ನು ಮುಂಚೆಯೇ ಹೇಳದಿದ್ದರೆ ವಯಸ್ಸಾದ ಹೆಂಗಸರು ನಾಚಿಕೆಯಿಂದ ಅಳುವುದನ್ನು ನೋಡಿದ್ದೇನೆ.

ನೀರಿನ ವಿಷಯ ನಮ್ಮ ಸಿಸ್ಟರ್‌ಗಳೇ ಸರಿಯಾಗಿ ಹೇಳುತ್ತಾರೆ. ಅಕ್ಕ, ಬನ್ನಿ ಇಲ್ಲಿ.

ಕ್ಯಾಥ್‌ಲ್ಯಾಬ್ ಅಕ್ಕ

ಬಂದೆ. ಮಂಜೇಶ್ವರದ ಟ್ರೈನಿನಲ್ಲಿ ಕೂತು ಬರೆಯುತ್ತಿದ್ದೇನೆ. 14 ವರ್ಷದಿಂದ ಈ ಕೆಲಸ, ಅದರಲ್ಲಿ 9 ವರ್ಷ ಕ್ಯಾಥ್‌ಲ್ಯಾಬಿನಲ್ಲಿ, ಅಂದರೆ ಹೃದಯದ ಆಂಜಿಯೋಗ್ರಾಂ ಮಾಡುವ ಕೋಣೆಯಲ್ಲಿ.

ಪೆರ್ಲದವರೇ, ಖಾಲಿ ಹೊಟ್ಟೆ ಅಂದರೆ ಊಟ ತಿಂಡಿ ಬೇಡ ಅಂತ. ಬೇರೆ ಕಾರಣ ಇಲ್ಲದಿದ್ದರೆ ನೀರು ಬೇಡ ಅಂತಲ್ಲ. ಈಗಿನ ಡೈಗಳಿಗೆ ಉಪವಾಸವೇ ಬೇಕಿಲ್ಲ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳೇ ಹೇಳುತ್ತವೆ. ನಮ್ಮ ಕಡೆ ಅಭ್ಯಾಸ ಬಲದಿಂದ 4 ಗಂಟೆ ಉಪವಾಸ ಹೇಳುತ್ತಾರೆ. ಸರಿ, ಹೇಳಲಿ. ಆದರೆ 4 ಗಂಟೆ ಎಂದದ್ದು ಮನೆಗೆ ಹೋಗುವಾಗ 16 ಗಂಟೆ ಆಗುತ್ತೆ. ಫೋನು ಎತ್ತಿದವರು "ನೀರು ಕುಡಿಯಬಹುದು" ಎಂಬ ಎರಡು ಮಾತು ಸೇರಿಸಿದ್ದರೆ ಸಾಕಿತ್ತು. ಅರಿವಳಿಕೆ ಕೊಟ್ಟು ಮಾಡುವ ಪರೀಕ್ಷೆಯಾದರೆ ಮಾತ್ರ ಲೆಕ್ಕ ಬೇರೆ.

ನೀರು ಯಾಕೆ ಅಷ್ಟು ಮುಖ್ಯ? ನಿಮ್ಮ ಕಡೆ ಅಡಿಕೆ ತೋಟ ಇದೆಯಲ್ಲ. ಮೇಲಿನ ಕೆರೆಯಿಂದ ನೀರು ಬಿಟ್ಟರೆ ಮೊದಲ ಸಾಲಿಗೆ ಧಾರಾಳ, ಕೊನೆ ಸಾಲಿನ ಮರಕ್ಕೆ ಉಳಿದಷ್ಟೇ. ಕಿಡ್ನಿಯ ಒಳಭಾಗ ಆ ಕೊನೆ ಸಾಲು. ಅಲ್ಲಿಗೆ ಆಮ್ಲಜನಕ ತಲುಪುವುದೇ ಕಡಿಮೆ, ಕೆಲಸ ಮಾತ್ರ ಜಾಸ್ತಿ. ಡೈ ಹೋದಾಗ ಅಲ್ಲಿನ ಸಣ್ಣ ರಕ್ತನಾಳಗಳು ಬಿಗಿಯುತ್ತವೆ. ಮೂತ್ರದ ಸಪೂರ ಕೊಳವೆಗಳಲ್ಲಿ ಡೈ ದಪ್ಪಗಾಗಿ ನಿಧಾನ ಹರಿಯುತ್ತೆ, ಕೊಳವೆಯ ಜೀವಕೋಶಗಳಿಗೂ ಏಟು. ಮೈಯಲ್ಲಿ ನೀರೇ ಇಲ್ಲದಿದ್ದರೆ ಕೊನೆ ಸಾಲು ಮೊದಲು ಬಾಡುತ್ತೆ.

ಕ್ರಿಯಾಟಿನಿನ್ 48 ಗಂಟೆಯೊಳಗೆ 0.3 ಏರಿದರೆ, ಅಥವಾ ವಾರದೊಳಗೆ ಮುಂಚಿನದರ ಒಂದೂವರೆ ಪಟ್ಟು ಆದರೆ ಅದನ್ನು ಕಿಡ್ನಿಗೆ ಏಟು ಎನ್ನುತ್ತಾರೆ. 1.2ರಿಂದ 2.1 ಅಂದರೆ ನಿಮ್ಮ ಅಮ್ಮನಿಗೆ ಆದದ್ದು ಅದೇ. ಸಾಮಾನ್ಯವಾಗಿ ಮೂರರಿಂದ ಐದನೇ ದಿನಕ್ಕೆ ತುದಿ ಮುಟ್ಟಿ, ಏಳರಿಂದ ಹತ್ತು ದಿನದಲ್ಲಿ ಇಳಿಯುತ್ತೆ.

ಒಂದು ಪ್ರಶ್ನೆ. ಅಮ್ಮ ಆಗ ಯಾವ ಯಾವ ಮಾತ್ರೆ ತಗೊಳ್ತಾ ಇದ್ದರು? ಚೀಟಿಯಲ್ಲಿ ಇರುವುದಲ್ಲ, ನಿಜವಾಗಿ ನುಂಗುವುದು.

ಪೆರ್ಲದವ

ಅಕ್ಕ, ಸಕ್ಕರೆಗೆ ಮೆಟ್‌ಫಾರ್ಮಿನ್, ಬಿಪಿಗೆ ಒಂದು. ಮತ್ತೆ... ನಿಮ್ಮ ಪ್ರಶ್ನೆ ನೋಡಿ ಅಮ್ಮನ ಕೋಣೆಗೆ ಹೋಗಿ ಬಂದೆ. ತಲೆದಿಂಬಿನ ಅಡಿಯಲ್ಲಿ ಡೈಕ್ಲೋಫೆನಾಕ್ ಸ್ಟ್ರಿಪ್ ಸಿಕ್ಕಿತು. ಮೊಣಕಾಲು ನೋವಿಗೆ ಅಂತೆ. ದಿನಕ್ಕೆ ಎರಡು. ಪಕ್ಕದ ಮನೆಯ ಅತ್ತೆ ತಂದುಕೊಟ್ಟದ್ದು.

ಕ್ಯಾಥ್‌ಲ್ಯಾಬ್ ಅಕ್ಕ

ಅಂದುಕೊಂಡೆ.

ಉಪ್ಪಳ ಮೆಡಿಕಲ್

ನಾನು ಔಷಧಿ ಅಂಗಡಿಯವನು. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್, ಇವೆಲ್ಲ ಒಂದೇ ಜಾತಿ. ಕಿಡ್ನಿಗೆ ರಕ್ತ ಹರಿಸುವ ನಾಳ ತೆರೆದಿರಲು ದೇಹ ಮಾಡಿಕೊಳ್ಳುವ ವ್ಯವಸ್ಥೆಯನ್ನೇ ತಡೆಯುತ್ತವೆ. ಜನ ಇದನ್ನು ಮಾತ್ರೆ ಅಂತ ಲೆಕ್ಕಕ್ಕೇ ಇಡುವುದಿಲ್ಲ, "ನೋವಿಂದು" ಎನ್ನುತ್ತಾರೆ. ಹಾಗಾಗಿ ಆಸ್ಪತ್ರೆಯಲ್ಲಿ ಕೇಳಿದರೆ ಬಾಯಿಗೇ ಬರಲ್ಲ.

ಇನ್ನೊಂದು. ಸ್ಕ್ಯಾನ್‌ಗೆ ಮುಂಚೆ ಕಿಡ್ನಿ ಕಾಪಾಡಲು ಎನ್-ಅಸಿಟೈಲ್‌ಸಿಸ್ಟೀನ್ ಮಾತ್ರೆ ಕೇಳಿಕೊಂಡು ಈಗಲೂ ಬರುತ್ತಾರೆ. ನೀರಿನಲ್ಲಿ ಹಾಕಿದರೆ ಬುಸ್ ಎಂದು ಕರಗುವ ಮಾತ್ರೆ. ಅದರಿಂದ ಉಪಯೋಗ ಇದೆಯಾ ಅಕ್ಕ?

ಕ್ಯಾಥ್‌ಲ್ಯಾಬ್ ಅಕ್ಕ

ನಾನು ಕೆಲಸಕ್ಕೆ ಸೇರಿದಾಗ ಎಲ್ಲರಿಗೂ ಕೊಡುತ್ತಿದ್ದೆವು. ಕೊಳೆತ ಮೊಟ್ಟೆ ವಾಸನೆ, ರೋಗಿಗಳು ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದರು. 2018ರಲ್ಲಿ ಸುಮಾರು 5000 ರೋಗಿಗಳ ಮೇಲೆ ನಡೆದ ಪ್ರಿಸರ್ವ್ ಎಂಬ ಅಧ್ಯಯನ ಹೊರಬಂತು. ಆ ಮಾತ್ರೆಯಿಂದಲೂ ಲಾಭ ಇಲ್ಲ, ಮಾಮೂಲಿ ಸಲೈನ್ ಬದಲು ಸೋಡಾ ಬೈಕಾರ್ಬ್ ಡ್ರಿಪ್ ಕೊಟ್ಟರೂ ಹೆಚ್ಚಿನ ಲಾಭ ಇಲ್ಲ ಎಂದಾಯಿತು. ಆ ವಾಸನೆಯ ಜೊತೆ ಕುಡಿಯುವ ಒಂದು ಲೋಟ ನೀರಿನಿಂದಲೇ ಏನಾದರೂ ಉಪಕಾರ ಆಗಿದ್ದಿರಬಹುದು ಎಂದು ನಾವು ನಾವೇ ತಮಾಷೆ ಮಾಡುತ್ತೇವೆ.

ನೀರ್ಚಾಲು ಮಾಷ್ಟ್ರು

ನಾನು ನಿವೃತ್ತ ವಿಜ್ಞಾನ ಮೇಷ್ಟ್ರು, ಎರಡು ಸಲ ಆಂಜಿಯೋಗ್ರಾಂ ಆದವನು. ಇಲ್ಲಿ ಎಲ್ಲರೂ ಡೈ ಮೇಲೆ ಗೂಬೆ ಕೂರಿಸುತ್ತಿದ್ದೀರಿ. ಇತ್ತೀಚಿನ ವರ್ಷಗಳಲ್ಲಿ ಡೈ ಹಾಕಿದ ಸಿಟಿ, ಹಾಕದ ಸಿಟಿ, ಎರಡನ್ನೂ ಹೋಲಿಸಿದ ದೊಡ್ಡ ಅಧ್ಯಯನಗಳು ಬಂದಿವೆ. ಕಿಡ್ನಿ ಚೆನ್ನಾಗಿರುವವರಲ್ಲಿ ಎರಡೂ ಕಡೆ ಕ್ರಿಯಾಟಿನಿನ್ ಏರಿದವರು ಹೆಚ್ಚು ಕಡಿಮೆ ಅಷ್ಟೇ. ಕಾಯಿಲೆ ಜೋರಾಗಿದ್ದವರಿಗೇ ಸ್ಕ್ಯಾನ್ ಮಾಡುತ್ತಾರೆ, ಅವರಿಗೆ ಕಿಡ್ನಿ ಏಟು ಹೇಗೂ ಆಗುವುದಿತ್ತು. ಕಾಗೆ ಕೂರುವುದಕ್ಕೂ ರೆಂಬೆ ಮುರಿಯುವುದಕ್ಕೂ ಸರಿಹೋದ ಹಾಗೆ. ಪೆರ್ಲದವರ ಅಮ್ಮನಿಗೆ ಹದಿನಾರು ಗಂಟೆ ನೀರಿಲ್ಲ, ಮೇಲೆ ದಿನಕ್ಕೆ ಎರಡು ನೋವಿನ ಮಾತ್ರೆ. ಡೈ ಇಲ್ಲದೆಯೂ ಕಿಡ್ನಿ ಬಾಡಬಹುದಿತ್ತು, ಅಲ್ವಾ?

ಕ್ಯಾಥ್‌ಲ್ಯಾಬ್ ಅಕ್ಕ

ಮಾಷ್ಟ್ರೇ, ನೀವು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. 2020ರಲ್ಲಿ ಅಮೆರಿಕದ ರೇಡಿಯಾಲಜಿ ಕಾಲೇಜು ಮತ್ತು ಕಿಡ್ನಿ ಫೌಂಡೇಶನ್ ಸೇರಿ ಕೊಟ್ಟ ಒಮ್ಮತದ ಹೇಳಿಕೆಯೂ ಅದೇ ದಾರಿಯದ್ದು. ಹೆದರಿಕೆ ಇದ್ದಷ್ಟು ಅಪಾಯ ಇಲ್ಲ, ಬೇಕಾದ ಸ್ಕ್ಯಾನನ್ನು ಹೆದರಿ ಬಿಡಬೇಡಿ ಎಂದು. ಕಿಡ್ನಿ ಸೋಸುವ ವೇಗಕ್ಕೆ ಇಜಿಎಫ್‌ಆರ್ ಎನ್ನುತ್ತೇವೆ. ಅದು 30ಕ್ಕಿಂತ ಕೆಳಗಿದ್ದರೆ, ಅಥವಾ ಈಗಾಗಲೇ ಕಿಡ್ನಿಗೆ ಏಟು ಬಿದ್ದಿದ್ದರೆ ಮುಖ್ಯವಾಗಿ ಹುಷಾರು. 30ರಿಂದ 44ರ ನಡುವೆ ಇದ್ದು ಬೇರೆ ಅಪಾಯಗಳೂ ಇದ್ದರೆ ಡಾಕ್ಟರು ಯೋಚಿಸಿ ತೀರ್ಮಾನಿಸುತ್ತಾರೆ.

ಉಳಿದ ಕಾಲು ಪಾಲು ಇದು. ಡೈ ಒಂದೇ ಕಳ್ಳ ಅಲ್ಲ ಎಂದ ಮಾತ್ರಕ್ಕೆ ಮನೆ ಬಾಗಿಲು ತೆರೆದಿಡಬೇಕಾ? ಬಾಯಾರಿಕೆ, ನೋವಿನ ಮಾತ್ರೆ, ಭೇದಿ, ಬಿಪಿ ಇಳಿಯುವುದು, ಇವೆಲ್ಲ ನಮ್ಮ ಕೈಯಲ್ಲಿ ಇರುವವು. ಹೃದಯದ ಕೇಸಿನಲ್ಲಿ ಡೈ ಅಪಧಮನಿಗೆ ನೇರ ಹೋಗುತ್ತೆ, ಕಷ್ಟದ ಆಂಜಿಯೋಪ್ಲಾಸ್ಟಿಯಾದರೆ 200 ಎಂಎಲ್ ದಾಟುವುದೂ ಇದೆ. ಅಲ್ಲಿ ನಾನು ಅಷ್ಟು ಸಲೀಸಾಗಿ ಕಾಗೆ ಗಾದೆ ಹೇಳಲಾರೆ.

ಇನ್ನು 1.2ರ ವಿಷಯ. ರಿಪೋರ್ಟಿನಲ್ಲಿ ಅದು ನಾರ್ಮಲ್ ಪಕ್ಕದಲ್ಲೇ ಇರುತ್ತೆ, ಯಾರೂ ಎರಡನೇ ಸಲ ನೋಡಲ್ಲ. 30 ವರ್ಷದ ಗಂಡಸಿಗೆ 1.2 ಇದ್ದರೆ ಇಜಿಎಫ್‌ಆರ್ ಸುಮಾರು 83. 72 ವರ್ಷದ ಹೆಂಗಸಿಗೆ ಅದೇ 1.2 ಇದ್ದರೆ ಸುಮಾರು 48. ಮಾಂಸಖಂಡ ಕರಗಿ ಹೋದ ಮೈಯಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಈಗ 1.3 ಅಂದರೆ 44ರ ಹತ್ತಿರ. ಇದಕ್ಕೇ ನಮ್ಮಲ್ಲಿ ಹೊಸ ಹುಡುಗಿಯರಿಗೆ ನಾನು ಹೇಳುವುದು: ಕ್ರಿಯಾಟಿನಿನ್ ಓದಬೇಡಿ, ವಯಸ್ಸು ಸೇರಿಸಿ ಲೆಕ್ಕ ಹಾಕಿ. ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ.

ನೀರ್ಚಾಲು ಮಾಷ್ಟ್ರು

ಕಾಲು ಪಾಲು ಒಪ್ಪಿದೆ. ಗಾದೆ ವಾಪಸ್ ತಗೊಳ್ಳಲ್ಲ.

ವಾರ್ಡ್ ಡ್ಯೂಟಿ

ನಾನು ಕೆಲಸಕ್ಕೆ ಸೇರಿ ಎರಡು ವರ್ಷ. ಅಕ್ಕ ಹೇಳಿದ ಮಾತ್ರೆಯ ಪ್ರಶ್ನೆಗೆ ನನ್ನದೊಂದು ಉಪಾಯ ಇದೆ. "ಯಾವ ಮಾತ್ರೆ ತಗೊಳ್ತೀರಿ" ಎಂದು ಕೇಳುವುದೇ ಇಲ್ಲ. "ಚೀಲ ಇಲ್ಲಿ ಸುರಿಯಿರಿ" ಎನ್ನುತ್ತೇನೆ. ಹಾಸಿಗೆ ಮೇಲೆ ಎಲ್ಲ ಬೀಳುತ್ತೆ. ವೀಳ್ಯದೆಲೆ, ಅಡಿಕೆ ಹೋಳು, ಬಸ್ ಟಿಕೆಟು, ಅದರ ನಡುವೆ ಅರ್ಧ ಕತ್ತರಿಸಿದ ಸ್ಟ್ರಿಪ್, ಒಂದು ಪೊಟ್ಟಣದಲ್ಲಿ ಹೆಸರಿಲ್ಲದ ನಾಟಿ ಮದ್ದಿನ ಪುಡಿ. ಕಳೆದ ತಿಂಗಳು ಒಬ್ಬ ಅಜ್ಜನ ಚೀಲದಲ್ಲಿ ಮೂರು ಬೇರೆ ಬೇರೆ ಹೆಸರಿನ ನೋವಿನ ಮಾತ್ರೆ ಇತ್ತು. ಮೂರೂ ಒಂದೇ. ಡಾಕ್ಟರಿಗೆ ಹೇಳಿ ನಿಲ್ಲಿಸಿದೆವು.

ಇನ್ನೊಂದು ಕಷ್ಟ ನಮ್ಮ ಊರಿಗೇ ವಿಶೇಷ. ಕಾಸರಗೋಡಿನವರ ರಕ್ತ ಪರೀಕ್ಷೆ ಒಂದು ರಾಜ್ಯದಲ್ಲಿ, ಸ್ಕ್ಯಾನ್ ಇನ್ನೊಂದು ರಾಜ್ಯದಲ್ಲಿ. ಹಳೇ ಕ್ರಿಯಾಟಿನಿನ್ ಎಷ್ಟಿತ್ತು ಅಂತ ನಮಗೆ ಕಂಪ್ಯೂಟರಿನಲ್ಲಿ ಸಿಗಲ್ಲ. ಊರಿನ ಒಪಿ ಚೀಟಿ ಮನೆಯಲ್ಲಿ ಉಳಿದಿರುತ್ತೆ. ದಯವಿಟ್ಟು ಹಳೇ ಫೈಲು ಪೂರ್ತಿ ತನ್ನಿ. ಒಂದು ವರ್ಷದ ಹಿಂದಿನ ಅಂಕಿ ಇದ್ದರೂ ನಮಗೆ ಚಿನ್ನ.

ಪೆರ್ಲದವ

ಭಾಷೆದೂ ಒಂದು ಗೋಳು ಇದೆ. ಆವತ್ತು ಸ್ಕ್ಯಾನ್ ಆದಮೇಲೆ ಒಬ್ಬ ಸಿಸ್ಟರ್ ಬಂದು ಮಲಯಾಳದಲ್ಲಿ ಏನೋ ಹೇಳಿ ಹೋದರು. ಅಮ್ಮನಿಗೆ ಕನ್ನಡ, ತುಳು ಬಿಟ್ಟರೆ ಬೇರೆ ಬರಲ್ಲ. ಮಂಗಳೂರಿನಲ್ಲಿ ಕೂತು ಮಲಯಾಳ, ಕಾಸರಗೋಡಿನಲ್ಲೂ ಮಲಯಾಳ. ಈಗ ಅನಿಸುತ್ತೆ, ನೀರು ಕುಡಿಯಿರಿ ಅಂತಲೇ ಹೇಳಿದ್ದಿರಬೇಕು.

ವಾರ್ಡ್ ಡ್ಯೂಟಿ

ಹ್ಹ ಹ್ಹ, ನಮ್ಮ ವಾರ್ಡಿನಲ್ಲಿ ಅರ್ಧ ಜನ ಕಣ್ಣೂರು, ಪಯ್ಯನ್ನೂರಿನವರು. ಪಾಪ, ಅವರೂ ಕಲಿಯುತ್ತಾರೆ. ನಾನು ಒಂದು ರಟ್ಟಿನ ಮೇಲೆ ಲೋಟದ ಚಿತ್ರ ಬರೆದು ಇಟ್ಟಿದ್ದೇನೆ. ಲೋಟ, ಪಕ್ಕದಲ್ಲಿ ಗಡಿಯಾರ. ಯಾವ ಭಾಷೆಯೂ ಬೇಡ.

ಮುಳ್ಳೇರಿಯ ಸೊಸೆ

ಎಲ್ಲರೂ ನೀರು ನೀರು ಎನ್ನುತ್ತಿದ್ದೀರಿ. ನನ್ನ ಅತ್ತೆಗೆ ಹೃದಯ ದುರ್ಬಲ, ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಕೊಡಬೇಡಿ ಎಂದಿದ್ದಾರೆ. ಹೋದ ವರ್ಷ ಆಂಜಿಯೋಗ್ರಾಂಗೆ ಮುಂಚೆ ಒಂದು ಕಡೆ ಡ್ರಿಪ್ ಹಾಕಿ ಹೋದರು. ರಾತ್ರಿ ಎರಡು ಗಂಟೆಗೆ ಅತ್ತೆ ಎದ್ದು ಕೂತು ಏದುಸಿರು ಬಿಡುತ್ತಿದ್ದರು. ನೋಡಿದರೆ ಬಾಟ್ಲಿ ಖಾಲಿ. ಹನಿ ಹೆಚ್ಚು ಕಡಿಮೆ ಮಾಡುವ ರೋಲರ್ ಪೂರ್ತಿ ತೆರೆದಿತ್ತು. ಅದಕ್ಕೇನು ಹೇಳುತ್ತೀರಿ?

ಕ್ಯಾಥ್‌ಲ್ಯಾಬ್ ಅಕ್ಕ

ತಂಗಿ, ನಿಮ್ಮ ಪ್ರಶ್ನೆ ತುಂಬಾ ಮುಖ್ಯ. ನೀರು ಎಲ್ಲರಿಗೂ ಒಂದೇ ಅಳತೆ ಅಲ್ಲ. ಆವತ್ತು ಯಾರೋ ಹನಿ ಎಣಿಸದೆ ಹೋಗಿದ್ದಾರೆ, ಅದು ತಪ್ಪೇ.

ಲೆಕ್ಕ ಹೀಗೆ. ಕಿಡ್ನಿ ಅಪಾಯ ಇರುವವರಿಗೆ ಡಾಕ್ಟರು ಸಾಮಾನ್ಯವಾಗಿ ಕೆಜಿಗೆ ಗಂಟೆಗೆ 1 ಎಂಎಲ್ ಸಲೈನ್ ಬರೆಯುತ್ತಾರೆ, ಪರೀಕ್ಷೆಗೆ ಮುಂಚೆ ಮತ್ತು ನಂತರ ಕೆಲವು ಗಂಟೆ. 50 ಕೆಜಿ ಇದ್ದವರಿಗೆ ಗಂಟೆಗೆ 50 ಎಂಎಲ್. ಎಂಎಲ್‌ಗೆ 20 ಹನಿಯ ಸೆಟ್ ಆದರೆ ನಿಮಿಷಕ್ಕೆ 16, 17 ಹನಿ. ಹೃದಯ ದುರ್ಬಲ ಇದ್ದರೆ ಅರ್ಧ ಮಾಡುತ್ತಾರೆ, ಅಂದರೆ 8 ಹನಿ. ನಾನು ಗಡಿಯಾರ ಹಿಡಿದು ನಿಂತು ಎಣಿಸುತ್ತೇನೆ. ರೋಗಿ ಕೈ ಮಡಚಿದರೆ ಹನಿ ಬದಲಾಗುತ್ತೆ, ಮತ್ತೆ ಎಣಿಸುತ್ತೇನೆ. ಪಂಪ್ ಇದ್ದರೆ ಸುಖ, ಎಲ್ಲ ಕಡೆ ಇರಲ್ಲ. ಡ್ರಿಪ್ ಹಾಕುವ ಮುಂಚೆ ತೂಕ, ಕಾಲು ಒತ್ತಿದರೆ ಗುಳಿ ಬೀಳುತ್ತಾ, ಎರಡು ದಿಂಬು ಇಲ್ಲದೆ ಮಲಗಲು ಆಗುತ್ತಾ, ಇಷ್ಟು ನೋಡಲೇಬೇಕು. ಈ ಅಂಕಿ ನೋಡಿ ಮನೆಯಲ್ಲಿ ಯಾರೂ ಏನೂ ಮಾಡಬೇಡಿ, ಎಷ್ಟು ಎಂದು ಬರೆಯುವುದು ಡಾಕ್ಟರೇ. ಎಣಿಸುವುದು ನಾವು.

ಮಧ್ಯಮ ಮಟ್ಟದಲ್ಲಿ ಕಿಡ್ನಿ ಇಳಿದವರಿಗೆ ಡ್ರಿಪ್ ಕೊಡದೆಯೂ ವ್ಯತ್ಯಾಸ ಕಾಣಲಿಲ್ಲ ಎಂದು 2017ರಲ್ಲಿ ನೆದರ್ಲ್ಯಾಂಡ್ಸ್‌ನ ಅಮೇಸಿಂಗ್ ಅಧ್ಯಯನ ತೋರಿಸಿತು. ಆದ್ದರಿಂದ ಕಂಡಕಂಡವರಿಗೆಲ್ಲ ಬಾಟ್ಲಿ ನೇತುಹಾಕುವುದು ಕಡಿಮೆ ಆಗಿದೆ. ಬಾಯಿಂದ ಕುಡಿಯುವ ನೀರನ್ನು ತಡೆಯಬಾರದು ಎಂಬುದು ಬೇರೆ ಮಾತು.

ಈಗ ಯಾರೂ ಹೇಳದ ಒಂದು ವಿಷಯ. ತೊಡೆಯಿಂದ ಆಂಜಿಯೋಗ್ರಾಂ ಮಾಡಿದರೆ ಕೆಲವು ಗಂಟೆ ಕಾಲು ಅಲುಗಿಸದೆ ಮಲಗಬೇಕು. ವಯಸ್ಸಾದ ಹೆಂಗಸರು ಆಗ ನೀರು ಕುಡಿಯುವುದೇ ಇಲ್ಲ. ಲೋಟ ಕೊಟ್ಟರೆ "ಆಮೇಲೆ ಮಗಳೇ" ಎನ್ನುತ್ತಾರೆ. ಯಾಕೆ ಗೊತ್ತಾ? ಬೆಡ್‌ಪ್ಯಾನ್. ಗಂಡಸರು ಓಡಾಡುವ ವಾರ್ಡಿನಲ್ಲಿ ಬೆಡ್‌ಪ್ಯಾನ್ ಕೇಳಲು ನಾಚಿಕೆ. ನಾನು ಮೊದಲು ಪರದೆ ಎಳೆಯುತ್ತೇನೆ, ಬೆಡ್‌ಪ್ಯಾನನ್ನು ಬಟ್ಟೆ ಮುಚ್ಚಿ ಮಂಚದ ಕೆಳಗೆ ಇಡುತ್ತೇನೆ, "ಇಲ್ಲೇ ಇದೆ ಅಮ್ಮ, ನಾನೇ ಬರುತ್ತೇನೆ" ಎಂದು ಕಿವಿಯಲ್ಲಿ ಹೇಳುತ್ತೇನೆ. ಆಮೇಲೆ ಲೋಟ ಕೊಡುತ್ತೇನೆ. ಆಗ ಕುಡಿಯುತ್ತಾರೆ. ಪುಸ್ತಕದಲ್ಲಿ ಇದು ಇಲ್ಲ.

ಮೂತ್ರ ಅಳೆಯುತ್ತೇವೆ. ಕೆಜಿಗೆ ಗಂಟೆಗೆ ಅರ್ಧ ಎಂಎಲ್, 50 ಕೆಜಿಗೆ 25 ಎಂಎಲ್. ಅದಕ್ಕಿಂತ ಕೆಳಗೆ ಹಲವು ಗಂಟೆ ಹೋದರೆ ಡಾಕ್ಟರಿಗೆ ಫೋನು.

ಸಿಟಿ ರೂಮಿನವ

ಕ್ಯಾಥ್‌ಲ್ಯಾಬಿನಲ್ಲಿ ಅಕ್ಕನ ಇನ್ನೊಂದು ಕೆಲಸ ಅವರು ಹೇಳಿಲ್ಲ. ಡೈ ಎಷ್ಟು ಹೋಯಿತು ಎಂದು ಜೋರಾಗಿ ಕೂಗಿ ಹೇಳುವುದು. "ಸಾರ್, 90 ಆಯ್ತು. ಸಾರ್, 120." ಇಜಿಎಫ್‌ಆರ್‌ನ ಮೂರು ಪಟ್ಟು ದಾಟದಂತೆ ಹಲವು ಕಡೆ ನೋಡುತ್ತಾರೆ. ಡಾಕ್ಟರ ಕಣ್ಣು ಪರದೆ ಮೇಲೆ ಇರುತ್ತೆ, ಲೆಕ್ಕ ಇಡುವವರು ಬೇರೆ ಇರಬೇಕು. ಒಮ್ಮೊಮ್ಮೆ ಬೈಸಿಕೊಳ್ಳುತ್ತಾರೆ. ಆದರೂ ಕೂಗುತ್ತಾರೆ.

ಉಪ್ಪಳ ಮೆಡಿಕಲ್

ನನ್ನ ಹೆಂಡತಿಗೆ ಎಟ್ಟಿ (ಸಿಗಡಿ) ತಿಂದರೆ ಮೈಯೆಲ್ಲ ತುರಿಸುತ್ತೆ. ಎಟ್ಟಿಯಲ್ಲಿ ಅಯೋಡಿನ್, ಡೈಯಲ್ಲಿ ಅಯೋಡಿನ್, ಹಾಗಾಗಿ ಡೈ ಹಾಕಬಾರದು ಎಂದು ಒಬ್ಬರು ಹೆದರಿಸಿದ್ದಾರೆ.

ಕ್ಯಾಥ್‌ಲ್ಯಾಬ್ ಅಕ್ಕ

ಅದು ಹಳೇ ತಪ್ಪು ನಂಬಿಕೆ. ಎಟ್ಟಿ, ಏಡಿ ಅಲರ್ಜಿ ಬರುವುದು ಅವುಗಳ ಪ್ರೋಟೀನಿನಿಂದ, ಅಯೋಡಿನ್‌ನಿಂದ ಅಲ್ಲ. ಮುಂಚೆ ಡೈಗೇ ಅಲರ್ಜಿ ಆಗಿದ್ದರೆ ಖಂಡಿತ ಹೇಳಬೇಕು. ಅದು ಅಲರ್ಜಿಯ ವಿಷಯ, ಕಿಡ್ನಿ ವಿಷಯ ಅಲ್ಲ. ಎರಡನ್ನೂ ಕಲಸಬೇಡಿ.

ಪೆರ್ಲದವರೇ, ನಿಮ್ಮ ಅಮ್ಮನ ವಿಷಯಕ್ಕೆ ಬರುತ್ತೇನೆ. ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ಹೇಳಿ: "ಕಳೆದ ಸಲ ಡೈ ಆದಮೇಲೆ ಕ್ರಿಯಾಟಿನಿನ್ 2.1 ಆಗಿತ್ತು." ಈ ಒಂದು ವಾಕ್ಯಕ್ಕೆ ಎಲ್ಲರೂ ಎಚ್ಚರ ಆಗುತ್ತಾರೆ. ಅಲ್ಟ್ರಾಸೌಂಡ್‌ನಲ್ಲೇ ಮುಗಿಯುತ್ತಾ ಎಂದು ಡಾಕ್ಟರನ್ನು ಕೇಳಿ, ಅದಕ್ಕೆ ಈ ಡೈ ಬೇಡ. ಮುಗಿಯಲ್ಲ ಎಂದರೆ ಸ್ಕ್ಯಾನ್ ಮಾಡಿಸಿ, ಬಿಡಬೇಡಿ. ನೋವಿನ ಮಾತ್ರೆ ಇವತ್ತಿನಿಂದಲೇ ಬಂದ್. ಮೊಣಕಾಲಿಗೆ ಪ್ಯಾರಾಸಿಟಮಾಲ್ ಸಾಕಾ ಎಂದು ಕೇಳಿ. ಮೆಟ್‌ಫಾರ್ಮಿನ್ ಕಿಡ್ನಿ ಕೆಡಿಸುವುದಿಲ್ಲ. ಆದರೆ ಕಿಡ್ನಿ ಕೆಟ್ಟರೆ ಅದು ಮೈಯಲ್ಲಿ ಉಳಿದು ರಕ್ತ ಆಮ್ಲ ಆಗಬಹುದು. ಇಜಿಎಫ್‌ಆರ್ 30ಕ್ಕಿಂತ ಕೆಳಗಿದ್ದರೆ ನಿಲ್ಲಿಸುತ್ತಾರೆ, 48 ಗಂಟೆಯ ನಂತರ ರಕ್ತ ನೋಡಿಯೇ ಮತ್ತೆ ಶುರು. ನಿಮ್ಮ ಅಮ್ಮನ ಅಂಕಿಗೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಪದ್ಧತಿ, ಕೇಳಿಕೊಳ್ಳಿ. ಬಿಪಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಮತ್ತೆ 48 ಗಂಟೆಗೆ ರಕ್ತ ಪರೀಕ್ಷೆ. ಸ್ಕ್ಯಾನ್ ಆಗಿ ಅದೇ ದಿನ ಮನೆಗೆ ಹೋದವರ ಕ್ರಿಯಾಟಿನಿನ್ ಏರಿದರೂ ನಮಗೆ ಗೊತ್ತೇ ಆಗುವುದಿಲ್ಲ. ನಾನು ಚೀಟಿಯ ಮೇಲೆ ತಾರೀಕನ್ನೇ ಬರೆದುಕೊಡುತ್ತೇನೆ, "ಎರಡು ದಿನ ಬಿಟ್ಟು" ಎಂದು ಬರೆಯಲ್ಲ. ಉಪ್ಪಳ ಬಂತು, ಸ್ಟೇಷನ್ ದಾಟಿಬಿಟ್ಟೆ! ಮಂಜೇಶ್ವರ ಹಿಂದೆ ಹೋಯಿತು. ಎಲ್ಲ ನಿಮ್ಮಿಂದ.

ಉಪ್ಪಳ ಮೆಡಿಕಲ್

ಇಳಿಯಿರಿ ಅಕ್ಕ, ಅಂಗಡಿಗೆ ಬನ್ನಿ, ಚಹಾ ಕುಡಿದು ಹೋಗುವಿರಂತೆ.

ಪೆರ್ಲದವ (ಮೂರು ವಾರದ ನಂತರ)

ಮರೆತಿಲ್ಲ, ಸುದ್ದಿ ಹೇಳಲು ಬಂದೆ. ಕಳೆದ ಮಂಗಳವಾರ ಸ್ಕ್ಯಾನ್ ಆಯಿತು, ಬೇರೆ ಕಡೆ. ಅಪಾಯಿಂಟ್‌ಮೆಂಟ್‌ಗೆ ಫೋನು ಮಾಡಿದಾಗ ಅಕ್ಕ ಹೇಳಿದ ವಾಕ್ಯವನ್ನೇ ಹೇಳಿದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ, ಆಮೇಲೆ ಸಿಸ್ಟರ್‌ಗೆ ಫೋನು ಕೊಟ್ಟರು. ಅವರು ಏಳೆಂಟು ಪ್ರಶ್ನೆ ಕೇಳಿದರು. ಬೆಳಿಗ್ಗೆ ಮೊದಲ ಸರದಿಯನ್ನೇ ಕೊಟ್ಟರು. ಡೈ 70 ಎಂಎಲ್‌ನಲ್ಲಿ ಮುಗಿಸಿದರು. ಡ್ರಿಪ್ ಹಾಕಿದಾಗ ನಾನೂ ಹನಿ ಎಣಿಸಿದೆ, ಸಿಸ್ಟರ್ ನಕ್ಕರು.

ಸ್ಕ್ಯಾನ್ ಆದಮೇಲೆ ಅವರು ಬಂದು "ಅಮ್ಮಾ, ವೆಳ್ಳಂ ಕುಡಿಚ್ಚೋ?" (ನೀರು ಕುಡಿದಿರಾ) ಎಂದು ಮಲಯಾಳದಲ್ಲಿ ಕೇಳಿದರು. ಅಮ್ಮನಿಗೆ ಈ ಸಲ ಅರ್ಥ ಆಯಿತು. ಚೀಲದಿಂದ ಖಾಲಿ ಬಾಟ್ಲಿ ತೆಗೆದು ತಲೆಕೆಳಗೆ ಹಿಡಿದು ತೋರಿಸಿದರು. ಗುರುವಾರ ಕ್ರಿಯಾಟಿನಿನ್ 1.3. ಹಾಗೇ ಇದೆ.

ಕ್ಯಾಥ್‌ಲ್ಯಾಬ್ ಅಕ್ಕ

ಒಳ್ಳೇದಾಯ್ತು. ಆ ಡೈಕ್ಲೋಫೆನಾಕ್ ಸ್ಟ್ರಿಪ್ ಎಲ್ಲಿದೆ ಈಗ?

ಪೆರ್ಲದವ

ನನ್ನ ಹೆಂಡತಿ ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟಿದ್ದಾಳೆ. ಅಮ್ಮ ಇನ್ನೂ ಹುಡುಕುತ್ತಿದ್ದಾರೆ.